ಸೀರಿಯಲ್ ಮಾಡಿದರೆ ಹಾಡು ಕೆಡುತ್ತಾ? ರಿಕಿ ಮಾರ್ಟಿನ್ ಕಥೆಯನ್ನು ತಾರೀಖು ಇಟ್ಟು ನೋಡೋಣ

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ, ಬಿ.ಕಾಂ. ಎರಡನೇ ವರ್ಷ. ಚಿಕ್ಕಂದಿನಿಂದ ಸಂಗೀತ ಕಲಿತಿದ್ದಾಳೆ, ಈಚೆಗೆ ತಾನೇ ಹಾಡು ಬರೆಯುತ್ತಾಳೆ. ಈಗ ಒಂದು ಸೀರಿಯಲ್‌ನಲ್ಲಿ ನಾಯಕಿಯ ತಂಗಿ ಪಾತ್ರಕ್ಕೆ ಕರೆದಿದ್ದಾರೆ. ಅದೇ ಹೊತ್ತಿಗೆ ಸಂಗೀತ ನಿರ್ದೇಶಕರೊಬ್ಬರು ಅವಳದ್ದೇ ಹಾಡುಗಳ ಆಲ್ಬಂ ಮಾಡೋಣ ಅಂತಿದ್ದಾರೆ, ಆದರೆ ಹಿಂದಿಯಲ್ಲಿ. ಅವಳಿಗೆ ಎರಡೂ ಬೇಕು. ನಮ್ಮ ಯಜಮಾನರು ಒಪ್ಪುತ್ತಿಲ್ಲ. ಎರಡು ದೋಣಿ ಮೇಲೆ ಕಾಲಿಟ್ಟವರು ಯಾರೂ ದಡ ಸೇರಿಲ್ಲ ಅಂತಾರೆ. ಅದಕ್ಕೆ ಅವರು ಕೊಡುವ ಉದಾಹರಣೆ ಗಾಯಕ ರಿಕಿ ಮಾರ್ಟಿನ್. 1999ರಲ್ಲಿ ಇವರು ಹಾಸ್ಟೆಲ್‌ನಲ್ಲಿದ್ದಾಗ ಎಲ್ಲಿ ನೋಡಿದರೂ ಆತನ ಹಾಡೇ ಇತ್ತಂತೆ, ಆಮೇಲೆ ನಟನೆ ಅಂತ ಹೋಗಿ ಹಾಳಾದನಂತೆ. ನನ್ನ ತಮ್ಮ ಹೇಳುವುದೇ ಬೇರೆ. ತಾನು ಸಲಿಂಗಿ ಅಂತ ಹೇಳಿಕೊಂಡಿದ್ದಕ್ಕೆ ಅವಕಾಶ ನಿಂತುಹೋಯಿತು ಅಂತಾನೆ. ಇಬ್ಬರದ್ದೂ ಸುಳ್ಳು ಅಂತಾಳೆ ಮಗಳು. ಯಾರ ಮಾತು ಸರಿ? ನಾವು ಏನು ಮಾಡಬೇಕು?
(ಮೈಸೂರಿನ ಓದುಗರೊಬ್ಬರು)

ಉತ್ತರ: ಮೇಡಂ, ಮೊದಲೇ ಹೇಳಿಬಿಡುತ್ತೇನೆ, ಮೂವರಲ್ಲಿ ನಿಮ್ಮ ಮಗಳೇ ಸತ್ಯಕ್ಕೆ ಹತ್ತಿರ ಇದ್ದಾಳೆ. ಇಷ್ಟಕ್ಕೇ ಗೆದ್ದೆ ಅಂದುಕೊಳ್ಳುವುದು ಬೇಡ, ಮುಂದೆ ಅವಳಿಗೆ ಇಷ್ಟವಾಗದ ಮಾತೂ ಬರುತ್ತವೆ.

ನಾನು ಗಾಯಕರು, ನಟರು ಸಹಿ ಹಾಕುವ ಅಗ್ರಿಮೆಂಟ್‌ಗಳನ್ನು ಓದಿ ಸಲಹೆ ಕೊಡುವ ಕೆಲಸದವನು. ಹಾಗಾಗಿ ಯಾರ ಕೆರಿಯರ್ ನೋಡಿದರೂ, ಹಾಡು ಚೆನ್ನಾಗಿತ್ತಾ ಅನ್ನುವುದಕ್ಕಿಂತ ಮುಂಚೆ, ಆ ವರ್ಷ ಇವರಿಗೆ ದುಡ್ಡು ಕೊಡುತ್ತಿದ್ದವರು ಯಾರು, ಕೇಳುಗರು ಎಲ್ಲಿಯವರು, ಯಾವ ಕಾಗದಕ್ಕೆ ಸಹಿ ಬಿದ್ದಿತ್ತು ಅಂತ ನೋಡುವ ಚಟ. ನಿಮ್ಮ ಆತಂಕವೂ ನಿಜಕ್ಕೂ ರಿಕಿ ಬಗ್ಗೆ ಅಲ್ಲ, ಒಂದು ಕೆಲಸ ಇನ್ನೊಂದನ್ನು ತಿಂದುಹಾಕುತ್ತಾ ಅನ್ನುವುದು. ಅದಕ್ಕೆ ಅವರ ಕಥೆಯಲ್ಲಿ ಉತ್ತರ ಇದೆ, ಆದರೆ ಯಜಮಾನರು ನೆನಪಿಟ್ಟುಕೊಂಡಿರುವ ಕ್ರಮದಲ್ಲಿ ಇಲ್ಲ.

ಯಜಮಾನರ ಲೆಕ್ಕದಲ್ಲಿ ಮೊದಲು ಹಾಡು, ಆಮೇಲೆ ಹೆಸರು, ಆಮೇಲೆ ನಟನೆಯ ಹುಚ್ಚು, ಕೊನೆಗೆ ಎರಡೂ ಇಲ್ಲ. ಆದರೆ ಆಗಿದ್ದು ಉಲ್ಟಾ.

ರಿಕಿ ಹುಟ್ಟಿದ್ದು 1971ರ ಡಿಸೆಂಬರ್ 24ರಂದು, ಪೋರ್ಟೊ ರಿಕೊ ದ್ವೀಪದ ಸಾನ್ ಹುವಾನ್‌ನಲ್ಲಿ. ಮನೆಯವರು ಇಟ್ಟ ಹೆಸರು ಎನ್ರಿಕೆ ಮಾರ್ಟಿನ್ ಮೊರಾಲೆಸ್. ಚಿಕ್ಕ ಹುಡುಗನಾಗಿದ್ದಾಗಲೇ ಟಿವಿ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ. ಅಂದರೆ ಕ್ಯಾಮೆರಾ ಮೊದಲು, ಮೈಕ್ ಆಮೇಲೆ. 1984ರಲ್ಲಿ, 12ನೇ ವಯಸ್ಸಿನಲ್ಲಿ, ಮೆನುಡೊ ಅನ್ನುವ ಹುಡುಗರ ಬ್ಯಾಂಡ್ ಸೇರಿದ. ಅದಕ್ಕೂ ಮುಂಚೆ ಆಡಿಷನ್ ಕೊಟ್ಟಾಗ ತೀರಾ ಕುಳ್ಳ ಅಂತ ವಾಪಸ್ ಕಳಿಸಿದ್ದರು.

ಮೆನುಡೊ ವಿಷಯ ಸ್ವಲ್ಪ ತಿಳಿದುಕೊಳ್ಳಿ, ಅಪ್ಪ ಅಮ್ಮಂದಿರು ತಿಳಿಯಬೇಕಾದ್ದೇ. ಎಡ್ಗಾರ್ಡೊ ಡಿಯಾಸ್ ಅನ್ನುವ ನಿರ್ಮಾಪಕರು 1977ರಲ್ಲಿ ಕಟ್ಟಿದ ಬ್ಯಾಂಡ್ ಅದು. ಹುಡುಗರಿಗೆ ಸುಮಾರು 16 ಆಗುತ್ತಿದ್ದಂತೆ ಹೊರಗೆ ಕಳಿಸಿ, ಆ ಜಾಗಕ್ಕೆ ಇನ್ನೊಬ್ಬ ಚಿಕ್ಕವನನ್ನು ತರುವುದು ಅಲ್ಲಿನ ನಿಯಮ. ಬ್ಯಾಂಡಿನ ಹೆಸರು ಹಾಗೇ ಇರುತ್ತಿತ್ತು, ಮುಖಗಳು ಬದಲಾಗುತ್ತಿದ್ದವು. ಹಾಡು, ಬಟ್ಟೆ, ಕುಣಿತ ಯಾವುದರಲ್ಲೂ ಹುಡುಗರ ಮಾತು ನಡೆಯುತ್ತಿರಲಿಲ್ಲ. ದೇಶದಿಂದ ದೇಶಕ್ಕೆ ಟೂರು, ಸ್ಪ್ಯಾನಿಷ್ ಬಿಟ್ಟು ಪೋರ್ಚುಗೀಸ್, ಇಂಗ್ಲಿಷ್‌ನಲ್ಲೂ ರೆಕಾರ್ಡಿಂಗು. ಬಾಲ್ಯದ ಮೇಲೆ ಅದು ಎಷ್ಟು ಭಾರ ಹಾಕಿತು ಅಂತ ರಿಕಿಯೇ ಆಮೇಲೆ ಮಾತಾಡಿದ್ದಾರೆ. ಆದರೆ ಕೆಲಸ ಕಲಿತಿದ್ದೂ ಅಲ್ಲೇ. ಲೈವ್ ಕ್ಯಾಮೆರಾ ಮುಂದೆ ಉಸಿರು ತಪ್ಪದೆ ಕುಣಿಯುತ್ತ ಹಾಡುವುದು 1999ರಲ್ಲಿ ಬಂದ ವರವಲ್ಲ, ಅಲ್ಲಿ ತಿದ್ದಿದ್ದು. ಅಲ್ಲೇ ಪರಿಚಯವಾದ ಇನ್ನೊಬ್ಬ ಹುಡುಗ ಡ್ರಾಕೊ ರೋಸಾ. ಆ ಹೆಸರು ನೆನಪಿಡಿ, ಮುಂದೆ ಬರುತ್ತದೆ.

1989ರಲ್ಲಿ ಮೆನುಡೊ ಬಿಟ್ಟರು. ಬಾಯ್ ಬ್ಯಾಂಡ್ ಬಿಟ್ಟ ಹದಿನೇಳರ ಹುಡುಗನಿಗೆ ಸ್ವಂತ ಆಲ್ಬಂ ಮಾಡಿಕೊಡಲು ಯಾರೂ ಕ್ಯೂ ನಿಲ್ಲುವುದಿಲ್ಲ. ಕೆಲಸ ಸಿಕ್ಕಿದ್ದು ಮೆಕ್ಸಿಕೊ ಸಿಟಿಯ ಸಂಗೀತ ನಾಟಕದಲ್ಲಿ. ಆಮೇಲೆ 1991ರಲ್ಲಿ 'ಅಲ್ಕಾನ್ಸಾರ್ ಉನಾ ಎಸ್ಟ್ರೆಯಾ' ಅನ್ನುವ ಧಾರಾವಾಹಿಯ ಎರಡನೇ ಭಾಗದಲ್ಲಿ ಪಾತ್ರ. ಮೆಕ್ಸಿಕೊದಲ್ಲಿ ಟೆಲಿನೊವೆಲಾ ಅಂದರೆ ನಮ್ಮ ಸಂಜೆ ಸೀರಿಯಲ್‌ಗಳ ಹಾಗೇ, ಇಡೀ ಮನೆ ಕೂತು ನೋಡುವುದು. ಆ ಧಾರಾವಾಹಿಯೊಳಗೆ ಒಂದು ಬ್ಯಾಂಡ್ ಇತ್ತು, ರಿಕಿ ಅದರಲ್ಲಿ ಒಬ್ಬ ಗಾಯಕನ ಪಾತ್ರ ಮಾಡಿದರು. ಕಥೆಯ ಬ್ಯಾಂಡ್ ಎಷ್ಟು ಜನಪ್ರಿಯ ಆಯಿತೆಂದರೆ ಅದೇ ಹುಡುಗ ಹುಡುಗಿಯರು ನಿಜವಾಗಿ ಟೂರು ಹೊರಟು ಕಾನ್ಸರ್ಟ್ ಮಾಡಿದರು! ಸೋನಿಯ ಮೆಕ್ಸಿಕೊ ಶಾಖೆಯಿಂದ ಅವರ ಮೊದಲ ಸೋಲೋ ಆಲ್ಬಂ ಬಂದಿದ್ದೂ ಅದೇ 1991ರಲ್ಲಿ. ಇಲ್ಲಿ ನಟನೆ ಹಾಡಿಗೆ ಏನು ಮಾಡಿತು, ಕೆಡಿಸಿತಾ?

ಈಗ ನಿಮ್ಮ ಮಗಳು ಕೇಳಬೇಕಾದ ಭಾಗ. ಆ ಮೊದಲ ಆಲ್ಬಂನ ಕರಾರನ್ನು ರಿಕಿ ಸರಿಯಾಗಿ ಓದದೆ ಸಹಿ ಹಾಕಿದ್ದರು, ಮಾರಾಟವಾದ ಒಂದೊಂದು ಪ್ರತಿಗೆ ಅವರ ಪಾಲು ಒಂದು ಸೆಂಟ್ ಮಾತ್ರ ಅಂತಿತ್ತು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಡಾಲರ್‌ನ ನೂರನೇ ಒಂದು ಭಾಗ, ಅಷ್ಟೇ. ಹತ್ತು ಲಕ್ಷ ಪ್ರತಿ ಮಾರಾಟವಾದರೂ ಹತ್ತು ಸಾವಿರ ಡಾಲರ್. ಐದು ವರ್ಷ ಬ್ಯಾಂಡ್‌ನಲ್ಲಿ ಜಗತ್ತು ಸುತ್ತಿ ಬಂದವರಿಗೇ ಹೀಗಾಯಿತು. ಆಲ್ಬಂ ಮಾಡುತ್ತಾರಲ್ಲ ಅನ್ನುವ ಸಂತೋಷದಲ್ಲಿ ಪುಟ ತಿರುವದೆ ಸಹಿ ಹಾಕುವವರನ್ನು ನಾನು ಇಂದಿಗೂ ನೋಡುತ್ತಿರುತ್ತೇನೆ, ಅವರು ದಡ್ಡರೇನಲ್ಲ, ಕಾದು ಕಾದು ಸುಸ್ತಾದವರು.

1994ರಲ್ಲಿ ರಿಕಿ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲೂ ಮೊದಲು ಕೈಹಿಡಿದಿದ್ದು ಸೀರಿಯಲ್. 'ಜನರಲ್ ಹಾಸ್ಪಿಟಲ್' ಅಂತ ಎಬಿಸಿ ಚಾನೆಲ್‌ನಲ್ಲಿ 1963ರಿಂದ ನಡೆದುಬಂದಿರುವ ಹಗಲಿನ ಧಾರಾವಾಹಿ. ಅದರಲ್ಲಿ ಮಿಗೆಲ್ ಮೊರೆಸ್ ಅನ್ನುವ ಪಾತ್ರ, ಬಾರ್‌ನಲ್ಲಿ ಕೆಲಸ ಮಾಡುವ, ಹಾಡುವ ಪೋರ್ಟೊ ರಿಕೊ ಹುಡುಗ. 1996ರವರೆಗೆ ಮಾಡಿದರು. ಇಂಗ್ಲಿಷ್ ಮಾತ್ರ ಬಲ್ಲ ಅಮೆರಿಕದ ಮನೆಗಳಿಗೆ ಈ ಮುಖ ಹೊಕ್ಕಿದ್ದು ಹಾಗೆ. ಸೀರಿಯಲ್ ಮುಗಿದ ವರ್ಷವೇ ನ್ಯೂಯಾರ್ಕ್‌ನ ನಾಟಕಗಳ ಬೀದಿ ಬ್ರಾಡ್‌ವೇಯಲ್ಲಿ 'ಲೆ ಮಿಸೆರಾಬ್ಲ್' ಸಂಗೀತ ನಾಟಕದಲ್ಲಿ ಮಾರಿಯಸ್ ಪಾತ್ರ. ಅಲ್ಲಿ ಟೇಕ್ ಎರಡು ಅಂತ ಇರುವುದಿಲ್ಲ, ಪ್ರತಿ ರಾತ್ರಿ ಅದೇ ಹಾಡನ್ನು ಅದೇ ಶ್ರುತಿಯಲ್ಲಿ ಹಾಡಬೇಕು. ಗಂಟಲಿಗೆ ಇದಕ್ಕಿಂತ ಕಠಿಣ ಶಾಲೆ ಇಲ್ಲ.

ಈ ನಡುವೆಯೇ, 1995ರಲ್ಲಿ, 'ಎ ಮೆಡಿಯೊ ವಿವಿರ್' ಆಲ್ಬಂ ಬಂತು. ಅದರಲ್ಲಿದ್ದ 'ಮರಿಯಾ' ಹಾಡನ್ನು ಕೇಳಿದ ಕಂಪನಿಯ ಅಧಿಕಾರಿಯೊಬ್ಬರು ನಿನ್ನ ಕಥೆ ಮುಗಿಯಿತು ಅನ್ನುವ ಅರ್ಥದಲ್ಲಿ ಬೈದಿದ್ದರಂತೆ. ಅಲ್ಲಿಯವರೆಗೆ ರಿಕಿ ಮೆಲ್ಲಗಿನ ಪ್ರೇಮಗೀತೆಗಳ ಹುಡುಗ, ಇದ್ದಕ್ಕಿದ್ದ ಹಾಗೆ ಡೋಲು, ಕುಣಿತ ಅಂದರೆ ಅವರಿಗೆ ಗಾಬರಿ. ಹಾಡು ಬ್ರೆಜಿಲ್‌ನಲ್ಲಿ ಒಂದು ಧಾರಾವಾಹಿಯ ಶೀರ್ಷಿಕೆ ಗೀತೆಯಾಯಿತು (ನೋಡಿ, ಮತ್ತೆ ಸೀರಿಯಲ್), ಸ್ಪೇನ್, ಫ್ರಾನ್ಸ್, ಆಸ್ಟ್ರೇಲಿಯಾಗಳಲ್ಲಿ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಅದರ ಹಿಂದೆ ಕೆಲಸ ಮಾಡಿದವರಲ್ಲಿ ಒಬ್ಬರು ಡ್ರಾಕೊ ರೋಸಾ, ಮೆನುಡೊ ಕಾಲದ ಅದೇ ಗೆಳೆಯ.

1998ರಲ್ಲಿ ಫ್ರಾನ್ಸ್‌ನ ಫುಟ್‌ಬಾಲ್ ವಿಶ್ವಕಪ್‌ಗೆ ಅಧಿಕೃತ ಗೀತೆ ಹಾಡಿದರು, ಫೈನಲ್ ದಿನ ಸ್ಟೇಡಿಯಂನಲ್ಲಿ ಜಗತ್ತಿನ ಮುಂದೆ. ನಮ್ಮಲ್ಲಿ ತುಂಬಾ ಜನ ಅವರನ್ನು ಮೊದಲು ನೋಡಿದ್ದು ಆಗಲೇ. ಆದರೆ ಅಮೆರಿಕಕ್ಕೆ ಫುಟ್‌ಬಾಲ್ ಬೇಡ, ಅವರಿಗೆ ಬೇರೆ ರಾತ್ರಿ ಬೇಕಾಯಿತು. 1999ರ ಫೆಬ್ರವರಿ 24, ಗ್ರಾಮಿ ಸಮಾರಂಭ. ಅದೇ ವಿಶ್ವಕಪ್ ಹಾಡು. ಮೊದಲು ಸುಮ್ನೆ ನಿಂತು ಹಾಡಿದರು, ಹಿಂದೆ ಹಿತ್ತಾಳೆ ವಾದ್ಯಗಳು ಎದ್ದವು, ನಡುವೆ ಸಭಾಂಗಣದ ಒಳಗಿನಿಂದಲೇ, ಜನ ಕೂತ ಸಾಲುಗಳ ಮಧ್ಯದಿಂದ ಡ್ರಮ್ ಬಾರಿಸುವವರ ದಂಡು ಬಂತು. ಆ ಸಮಾರಂಭದಲ್ಲಿ ಮುಂದಿನ ಸಾಲಿನವರು ಸಾಮಾನ್ಯವಾಗಿ ಕೈಕಟ್ಟಿ ಕೂರುವ ದೊಡ್ಡ ಮನುಷ್ಯರು. ಅವರೇ ಎದ್ದು ನಿಂತರು. ಆ ರಾತ್ರಿ ಪ್ರಶಸ್ತಿಯೂ ಬಂತು, ಅದು 'ವುಯೆಲ್ವೆ' ಅನ್ನುವ ಸ್ಪ್ಯಾನಿಷ್ ಆಲ್ಬಂಗೆ. ಇಂಗ್ಲಿಷ್ ಆಲ್ಬಂ ಇನ್ನೂ ಅಂಗಡಿಗೆ ಬಂದೇ ಇರಲಿಲ್ಲ.

ಕೆಲವೇ ವಾರಗಳಲ್ಲಿ 'ಲಿವಿನ್ ಲಾ ವಿದಾ ಲೋಕಾ' ಬಿಡುಗಡೆಯಾಯಿತು, ನಿಮ್ಮ ಯಜಮಾನರ ಹಾಸ್ಟೆಲ್ ಹಾಡು ಬಹುಶಃ ಅದೇ. ಬರೆದವರು ಡೆಸ್ಮಂಡ್ ಚೈಲ್ಡ್ ಮತ್ತು ಡ್ರಾಕೊ ರೋಸಾ. ಚೈಲ್ಡ್ ಅಂದರೆ ಬಾನ್ ಜೋವಿ, ಏರೋಸ್ಮಿತ್‌ನಂಥ ರಾಕ್ ಬ್ಯಾಂಡ್‌ಗಳಿಗೆ ಹಿಟ್ ಕೊಟ್ಟವರು. ಹಾಗಾಗಿ ಆ ಹಾಡನ್ನು ಕಿವಿಗೊಟ್ಟು ಕೇಳಿದರೆ ಓಡುವ ಗಿಟಾರು, ಹಿತ್ತಾಳೆ ಕೊಂಬು, ರಾಕ್‌ನ ವೇಗವೇ ಜಾಸ್ತಿ. ಟೇಪ್ ಬಿಟ್ಟು ಪೂರ್ತಿ ಕಂಪ್ಯೂಟರಿನಲ್ಲೇ, ಪ್ರೊ ಟೂಲ್ಸ್ ಸಾಫ್ಟ್‌ವೇರ್‌ನಲ್ಲಿ ತಯಾರಾಗಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನ ಹಿಡಿದ ಮೊದಲ ಹಾಡು ಅಂತ ಸೌಂಡ್ ಇಂಜಿನಿಯರುಗಳು ಅದನ್ನು ಇವತ್ತಿಗೂ ನೆನೆಯುತ್ತಾರೆ. ಐದು ವಾರ ಮೇಲೆ ಕೂತಿತು. ಮೇ ತಿಂಗಳಲ್ಲಿ ಬಂದ ಆಲ್ಬಂ ಅಮೆರಿಕದಲ್ಲಿ ಮೊದಲ ವಾರವೇ 6,61,000 ಪ್ರತಿ ಹೋಯಿತು. ಟೈಮ್ ಪತ್ರಿಕೆಯ ಮುಖಪುಟದಲ್ಲಿ ಫೋಟೊ ಬಂತು. ಜಗತ್ತಿನ ಪಾಲಿಗೆ ರಾತ್ರಿ ಬೆಳಗಾಗುವುದರೊಳಗೆ ಹುಟ್ಟಿದ ಸ್ಟಾರ್. ಅವರಿಗಾಗ 27 ವರ್ಷ, ಸ್ಟೇಜ್ ಹತ್ತಿ 15 ವರ್ಷ ಆಗಿತ್ತು.

ಹಾಗಾದರೆ ಆಮೇಲೆ ಏನಾಯಿತು? ಇಲ್ಲಿ ಯಜಮಾನರಿಗೆ ಅರ್ಧ ಅಂಕ ಕೊಡಬೇಕು. ಏನೋ ಕುಸಿದಿದ್ದು ನಿಜ. ಕಾರಣ ಮಾತ್ರ ಬೇರೆ.

1999ರಲ್ಲಿ ಜೆನಿಫರ್ ಲೋಪೆಜ್, ಎನ್ರಿಕೆ ಇಗ್ಲೇಸಿಯಸ್, ಮಾರ್ಕ್ ಆಂಥೊನಿ, ಸಾಂತಾನಾ ಎಲ್ಲರೂ ಒಟ್ಟಿಗೆ ಗೆದ್ದರು. ಪತ್ರಿಕೆಗಳು ಇದಕ್ಕೆ ಲ್ಯಾಟಿನ್ (ಅಂದರೆ ಸ್ಪ್ಯಾನಿಷ್ ನಂಟಿನವರ) ಅಲೆ ಅಂತ ಹೆಸರಿಟ್ಟವು, ಹೊರಗಿನವರು ಬಂದು ಅಮೆರಿಕವನ್ನು ಗೆದ್ದ ಹಾಗೆ ಬರೆದವು. ಲೋಪೆಜ್ ಮತ್ತು ಆಂಥೊನಿ ಹುಟ್ಟಿದ್ದೇ ನ್ಯೂಯಾರ್ಕ್‌ನಲ್ಲಿ. ಇಗ್ಲೇಸಿಯಸ್ ಸ್ಪೇನ್‌ನವರು. ಸಾಂತಾನಾ 1969ರಲ್ಲೇ ಅಮೆರಿಕದ ವುಡ್‌ಸ್ಟಾಕ್ ಸಂಗೀತ ಉತ್ಸವದಲ್ಲಿ ಗಿಟಾರ್ ಬಾರಿಸಿದವರು. ಪೋರ್ಟೊ ರಿಕೊ 1898ರಿಂದ ಅಮೆರಿಕದ ಅಧೀನದಲ್ಲಿದೆ, ಅಲ್ಲಿನವರು 1917ರಿಂದ ಅಮೆರಿಕದ ಪ್ರಜೆಗಳು. ಯಾರು ಎಲ್ಲಿಂದ ಬಂದರು ಹೇಳಿ! ಆದರೆ ಕಂಪನಿಗಳಿಗೆ ಈ ಅಲೆಯ ಮಾತು ಲಾಭದ್ದು. ಅಲೆ ಅಂದಮೇಲೆ ಅದು ಇಳಿಯಲೇಬೇಕು, ಇಳಿದಾಗ ಅದರ ಮುಖವಾಗಿ ನಿಂತವರ ಹೆಸರೇ ಮೊದಲು ಹಳೆಯದಾಗುವುದು. ರಿಕಿಗೆ ಆಗಿದ್ದು ಅದು. ಅವರ ಹಾಡು ಕೆಟ್ಟಿತು ಅನ್ನುವುದಕ್ಕಿಂತ ಅವರನ್ನು ಒಂದು ಫ್ಯಾಶನ್ ಮಾಡಿ ಮಾರಿದ್ದು ಕೈಕೊಟ್ಟಿತು ಅಂತಲೇ ನಾನು ಹೇಳುವುದು.

ಎರಡನೆಯದು, ಅವಸರ. 1999ರ ಮೇನಲ್ಲಿ ಒಂದು ಆಲ್ಬಂ, ಅದರ ಟೂರು, ಇನ್ನೂ ಸುಸ್ತು ಆರಿರಲಿಲ್ಲ, 2000ದ ನವೆಂಬರ್‌ನಲ್ಲಿ ಇನ್ನೊಂದು. ಅದರ 'ಶಿ ಬ್ಯಾಂಗ್ಸ್' ಹಾಡು ಹಿಂದಿನ ಹಾಡಿನ ಅಚ್ಚಿನಲ್ಲೇ ಇತ್ತು. ಆ ಆಲ್ಬಂ ಕೂಡ ಅಮೆರಿಕದಲ್ಲಿ 20 ಲಕ್ಷದ ಲೆಕ್ಕ ದಾಟಿತು, ಸೋಲು ಅಂತ ಯಾರೂ ಹೇಳಲಾರರು, ಆದರೆ 70 ಲಕ್ಷದ ಹಿಂದಿನ ಆಲ್ಬಂ ಪಕ್ಕದಲ್ಲಿ ಇಟ್ಟರೆ ಇಳಿದ ಹಾಗೇ ಕಾಣುತ್ತದೆ. ಆಮೇಲೆ ರಿಕಿ ತಾವೇ ಬ್ರೇಕ್ ತೆಗೆದುಕೊಂಡರು. ಇಂಗ್ಲಿಷ್ ಕೇಳುಗರ ಕಣ್ಣಿಂದ ಮರೆಯಾಗಿದ್ದು ಆಗ.

ಗಮನಿಸಿ, ಈ ಇಳಿಕೆಯ ವರ್ಷಗಳಲ್ಲಿ ಅವರು ನಟನೆ ಮಾಡುತ್ತಲೇ ಇರಲಿಲ್ಲ ಅನ್ನಬೇಕು. ಸೀರಿಯಲ್, ಬ್ರಾಡ್‌ವೇ ಎಲ್ಲ 1996ಕ್ಕೇ ಮುಗಿದಿತ್ತು. ನಟನೆಗೆ ಹೋಗಿ ಹಾಡು ಕಳೆದುಕೊಂಡ ಅನ್ನುವ ಮಾತಿಗೆ ತಾರೀಖು ಹೊಂದುವುದೇ ಇಲ್ಲ.

ಇನ್ನು ನಿಮ್ಮ ತಮ್ಮನ ಮಾತು. ರಿಕಿ ತಾನು ಸಲಿಂಗಿ ಅಂತ ತನ್ನ ವೆಬ್‌ಸೈಟ್‌ನಲ್ಲಿ ಬರೆದಿದ್ದು 2010ರ ಮಾರ್ಚ್ 29ರಂದು. ಮೇಲೆ ಹೇಳಿದ ಇಳಿಕೆ ಆಗಿ ಎಷ್ಟೋ ವರ್ಷ ಆದಮೇಲೆ. ಕಾರಣ ಆಮೇಲೆ ಬಂದು ಪರಿಣಾಮ ಮುಂಚೆ ಬರಲು ಆಗುವುದಿಲ್ಲ ಅಲ್ವಾ? 2010ರ ನಂತರದ ಪಟ್ಟಿ ನೋಡಿದರೆ ಇನ್ನೂ ಸ್ಪಷ್ಟ. 2011ರ ಆಲ್ಬಂ ಅಮೆರಿಕದ ಮುಖ್ಯ ಪಟ್ಟಿಗೆ ಕಾಲಿಟ್ಟಿದ್ದೇ ಮೂರನೇ ಸ್ಥಾನದಲ್ಲಿ. 2012ರಲ್ಲಿ ಬ್ರಾಡ್‌ವೇಯ 'ಎವಿಟಾ'ದಲ್ಲಿ ಚೆ ಪಾತ್ರ. 2013ರ ಜನವರಿಯಲ್ಲಿ ಅವರ ಅವಧಿ ಮುಗಿದಾಗ ಅವರ ಜಾಗಕ್ಕೆ ತಕ್ಕ ಇನ್ನೊಬ್ಬ ಸ್ಟಾರ್ ಸಿಗದೆ ನಿರ್ಮಾಪಕರು ನಾಟಕವನ್ನೇ ನಿಲ್ಲಿಸಿದರು. ಟಿಕೆಟ್ ಯಾರ ಹೆಸರಿಗೆ ಹೋಗುತ್ತಿತ್ತು ಅಂತ ಇದಕ್ಕಿಂತ ಬಿಡಿಸಿ ಹೇಳುವುದು ಬೇಡ. ಆಸ್ಟ್ರೇಲಿಯಾದ 'ದಿ ವಾಯ್ಸ್' ಶೋನಲ್ಲಿ ಕೋಚ್ ಆದರು, 2016ರಲ್ಲಿ ಮತ್ತೆ ಗ್ರಾಮಿ, 2017ರಿಂದ 2018ರವರೆಗೆ ಲಾಸ್ ವೇಗಸ್‌ನಲ್ಲಿ ತಮ್ಮದೇ ಶೋ.

ತಮ್ಮನ ಮಾತಿನಲ್ಲಿ ನಿಜ ಇರುವುದು ಒಂದೇ ಕಡೆ. ಹೇಳಿದರೆ ಎಲ್ಲ ಹೋಗುತ್ತದೆ ಅನ್ನುವ ಭಯ ಅವರಿಗೂ ಸುತ್ತಲಿನವರಿಗೂ ಬಹಳ ವರ್ಷ ಇತ್ತು. 2000ದಲ್ಲಿ ಬಾರ್ಬರಾ ವಾಲ್ಟರ್ಸ್ ಅನ್ನುವ ಹೆಸರಾಂತ ಸಂದರ್ಶಕಿ ಟಿವಿಯಲ್ಲಿ ಇದನ್ನೇ ಹಿಡಿದು ಕೇಳಿದರು, ರಿಕಿ ತಪ್ಪಿಸಿಕೊಳ್ಳಲು ಒದ್ದಾಡಿದರು. ಹಾಗೆ ಕೇಳಬಾರದಿತ್ತು ಅಂತ ವಾಲ್ಟರ್ಸ್ ಆಮೇಲೆ ಹೇಳಿದ್ದಾರೆ. ಬಚ್ಚಿಟ್ಟುಕೊಂಡು ದುಡಿಯುವುದರ ಬೆಲೆಯನ್ನು ಅವರು ಕೊಟ್ಟರು, ಹೇಳಿಕೊಂಡಿದ್ದಕ್ಕೆ ಅಲ್ಲ. 2018ರಲ್ಲಿ ಫ್ಯಾಶನ್ ಡಿಸೈನರ್ ಜಾನಿ ವೆರ್ಸಾಚೆಯ ಕೊಲೆಯ ಕುರಿತ ಟಿವಿ ಸರಣಿಯಲ್ಲಿ ಆತನ ಸಂಗಾತಿ ಆಂಟೋನಿಯೊ ಡಿ'ಅಮಿಕೊ ಪಾತ್ರ ಮಾಡಿದರು. ಕೊಲೆಯಾದ ಮೇಲೆ, ಬಟ್ಟೆಯ ಮೇಲಿನ ರಕ್ತ ಹಾಗೇ ಇರುವಾಗ, ಪೊಲೀಸ್ ಅಧಿಕಾರಿ ನಿನಗೂ ಅವರಿಗೂ ಏನು ಸಂಬಂಧ ಅಂತ ಅರ್ಥವಾಗದವರ ಹಾಗೆ ಕೇಳುತ್ತಾ ಹೋಗುತ್ತಾರೆ. ರಿಕಿ ಅಲ್ಲಿ ಅಬ್ಬರಿಸುವುದಿಲ್ಲ, ಕುಣಿತದ ಮೈ ಎಲ್ಲೋ ಹೋಗಿ, ಉತ್ತರ ಹುಡುಕುವ ಮುಖ ಮಾತ್ರ ಉಳಿಯುತ್ತದೆ. ಟಿವಿ ಕೆಲಸಕ್ಕೆ ಕೊಡುವ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನ ಬಂತು. ಗಾಯಕ ಸುಮ್ನೆ ಮುಖ ತೋರಿಸಲು ಬಂದಿದ್ದಾನೆ ಅನ್ನುವ ಮಾತು ಆ ಪಾತ್ರದ ನಂತರ ನಿಲ್ಲಬೇಕಿತ್ತು.

ಸರಿ, ಇಂಗ್ಲಿಷ್ ಕಡೆ ಕುಸಿದವರು ಮತ್ತೆ ಎದ್ದಿದ್ದು ಹೇಗೆ? ನನ್ನ ಪ್ರಕಾರ ಇಡೀ ಕಥೆಯ ಗಂಟು ಇಲ್ಲಿದೆ. ರಿಕಿ ಸ್ಪ್ಯಾನಿಷ್ ಬಿಡಲಿಲ್ಲ. ಬ್ರೇಕ್ ಮುಗಿಸಿ 2003ರಲ್ಲಿ ಬಂದಿದ್ದು 'ಅಲ್ಮಾಸ್ ದೆಲ್ ಸಿಲೆನ್ಸಿಯೊ', ಸ್ಪ್ಯಾನಿಷ್ ಆಲ್ಬಂ. ಅದರ ಮೊದಲ ಹಾಡು ಲ್ಯಾಟಿನ್ ಪಟ್ಟಿಗೆ ಕಾಲಿಟ್ಟಿದ್ದೇ ಒಂದನೇ ಸ್ಥಾನದಲ್ಲಿ. 2005ರಲ್ಲಿ ಮತ್ತೊಂದು ಇಂಗ್ಲಿಷ್ ಆಲ್ಬಂ ಮಾಡಿದರು, ಅದು ದೊಡ್ಡದಾಗಿ ಹಿಡಿಯಲಿಲ್ಲ. 2006ರಲ್ಲಿ ಎಂಟಿವಿ ಅನ್‌ಪ್ಲಗ್ಡ್, ಹಳೆಯ ಹಾಡುಗಳನ್ನೇ ಬಿಚ್ಚಿ ಹೊಸದಾಗಿ ಕಟ್ಟಿದ್ದು. ಜೊತೆಗೆ ಪೋರ್ಟೊ ರಿಕೊದ ಕ್ವಾತ್ರೊ ಅನ್ನುವ ತಂತಿವಾದ್ಯ, ಅಲ್ಲಿನ ಬೀದಿಯ ಪ್ಲೇನಾ ತಾಳ. ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ, 1999ರ ಗದ್ದಲ ಅಲ್ಲ. ಎರಡು ಲ್ಯಾಟಿನ್ ಗ್ರಾಮಿ ಬಂತು. ಇಂಗ್ಲಿಷ್ ಕೇಳುಗರು ಒಂದು ಬೇಸಿಗೆ ಪ್ರೀತಿಸಿ ಮರೆತರು, ಸ್ಪ್ಯಾನಿಷ್ ಕೇಳುಗರು ಮೆನುಡೊ ಕಾಲದಿಂದ ಜೊತೆಗೇ ಇದ್ದರು. ಸಾನ್ ಹುವಾನ್‌ನ ಜೊತೆಗಿನ ನಂಟೂ ಹಾಗೇ ಇತ್ತು. 2019ರಲ್ಲಿ ಅಲ್ಲಿನ ಗವರ್ನರ್ ವಿರುದ್ಧ ಜನ ಬೀದಿಗಿಳಿದಾಗ ರಿಕಿಯೂ ಬ್ಯಾಡ್ ಬನಿ ಅನ್ನುವ ಗಾಯಕನಂಥ ಹೊಸ ಹುಡುಗರ ಜೊತೆ ಬೀದಿಯಲ್ಲಿದ್ದರು, ಗವರ್ನರ್ ರಾಜೀನಾಮೆ ಕೊಡಬೇಕಾಯಿತು.

ನಮ್ಮ ದೇಶದ ನಂಟೂ ಒಂದಿದೆ. ಬ್ರೇಕ್‌ನ ಕಾಲದಲ್ಲಿ, 2002ರಲ್ಲಿ, ಅವರು ಕೋಲ್ಕತಾಗೆ ಬಂದಿದ್ದರು. ಬೀದಿಯಲ್ಲಿದ್ದ ಮೂವರು ಹುಡುಗಿಯರನ್ನು ಮಾರಾಟದ ಜಾಲಕ್ಕೆ ಬೀಳದ ಹಾಗೆ ಅಲ್ಲಿಂದ ತೆಗೆದಿದ್ದು, ಆಮೇಲೆ ಮಕ್ಕಳ ಕಳ್ಳಸಾಗಣೆಯ ವಿರುದ್ಧ ತಮ್ಮ ಫೌಂಡೇಶನ್‌ನಿಂದ ಕೆಲಸ ಮಾಡಲು ಕಾರಣ ಅಂತ ಅವರು ಹೇಳಿಕೊಂಡಿದ್ದಾರೆ. ಬ್ರೇಕ್ ಅಂದರೆ ಮನೆಯಲ್ಲಿ ಮಲಗಿದ್ದರು ಅಂತಲ್ಲ.

ಈಗ ನಿಮ್ಮ ಮನೆಗೆ ಬರೋಣ.

ಹಿಂದಿ ಆಲ್ಬಂ ವಿಷಯ ಮೊದಲು. ಸಂಗೀತ ನಿರ್ದೇಶಕರ ಲೆಕ್ಕ ಅರ್ಥವಾಗುತ್ತದೆ, ಮಾರುಕಟ್ಟೆ ದೊಡ್ಡದು. 1999ರಲ್ಲಿ ರಿಕಿಗೂ ಅಮೆರಿಕದ ತುದಿ ಮುಟ್ಟಲು ಇಂಗ್ಲಿಷ್ ಬೇಕಾಯಿತು. 2017ರ ಹೊತ್ತಿಗೆ ಅದೇ ದ್ವೀಪದ ಲೂಯಿಸ್ ಫೋನ್ಸಿ 'ಡೆಸ್ಪಾಸಿಟೊ' ಅಂತ ಸ್ಪ್ಯಾನಿಷ್‌ನಲ್ಲೇ ಹಾಡಿ 16 ವಾರ ಮೇಲೆ ಕೂತರು (ಒಂದು ಇಂಗ್ಲಿಷ್ ರೀಮಿಕ್ಸ್‌ನ ಸಹಾಯ ಇತ್ತು, ನಿಜ). ಮಗಳು ಬರೆಯುವುದು ಕನ್ನಡದಲ್ಲಿ ಅನ್ನುವುದಾದರೆ ಮೊದಲ ಹಾಡುಗಳು ಕನ್ನಡದಲ್ಲೇ ಬರಲಿ ಅನ್ನುತ್ತೇನೆ. ಹಿಂದಿ ಆಮೇಲೆ ಬರಲಿ, ಬೇಡ ಅನ್ನುವುದಿಲ್ಲ. ಇದರಲ್ಲಿ ಅಪಾಯ ಇಲ್ಲವೇ? ಇದೆ, ಕನ್ನಡದ ಸ್ವತಂತ್ರ ಹಾಡುಗಳಿಂದ ಬರುವ ದುಡ್ಡು ಕಡಿಮೆ, ನಿಧಾನ. ಆದರೆ ಮೊದಲೇ ಹಿಂದಿಗೆ ಹೋಗಿ ಅಲ್ಲಿ ಹಿಡಿಯದಿದ್ದರೆ ವಾಪಸ್ ಬಂದು ನಿಲ್ಲಲು ಕೇಳುಗರೇ ಇರುವುದಿಲ್ಲ.

ಆಲ್ಬಂ ಮಾತ್ರ ಹಿಡಿದರೆ? ಗಂಟಲಿಗೆ, ಓದಿಗೆ ಒಳ್ಳೆಯದು. ಹೆಸರಿಲ್ಲದ ಹುಡುಗಿಯ ಆಲ್ಬಂ ಯಾರ ಕಿವಿಗೂ ಬೀಳದೆ ಹೋಗುವ ಸಾಧ್ಯತೆ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಸೀರಿಯಲ್ ಮಾತ್ರ ಹಿಡಿದರೆ ದಿನದ ಲೆಕ್ಕದಲ್ಲಿ ದುಡ್ಡು, ಮುಖ ಪರಿಚಯ, ಆದರೆ ಪಾತ್ರದ ಹೆಸರಿನಿಂದಲೇ ಜನ ಕರೆಯಲು ಶುರುಮಾಡುತ್ತಾರೆ, ಕಥೆ ಎಳೆದರೆ ವರ್ಷಗಳೇ ಹೋಗುತ್ತವೆ. ಬೆಳಗ್ಗೆಯಿಂದ ಅಳುವ, ಕಿರುಚುವ ಸೀನುಗಳಿದ್ದ ದಿನ ಸಂಜೆ ಹಾಡಲು ಕೂತರೆ ಗಂಟಲು ಮಾತು ಕೇಳುವುದಿಲ್ಲ. ರಿಕಿ ಎರಡನ್ನೂ ಮಾಡಿದರು ಅಂತ ಮಗಳು ಹೇಳಬಹುದು. ಮಾಡಿದರು, ಆದರೆ ಅವರ ಮೊದಲ ಎರಡು ದೊಡ್ಡ ಪಾತ್ರಗಳೂ ಹಾಡುವ ಹುಡುಗನವು. ನಾಯಕಿಯ ತಂಗಿ ಹಾಡುತ್ತಾಳಾ? ಕೇಳಿ ನೋಡಿ. ಕಥೆಯಲ್ಲಿ ಅವಳು ಹಾಡುವ ಹುಡುಗಿ ಅಂತ ಒಂದು ಎಳೆ ಸೇರಿಸಲು ನಿರ್ಮಾಪಕರು ಒಪ್ಪಿದರೆ ಎರಡು ಕೆಲಸದ ಜಗಳ ಅರ್ಧ ಕಡಿಮೆ. ಹಾಗೆ ಹಾಡಿದರೆ ಆ ರೆಕಾರ್ಡಿಂಗ್ ಯಾರದ್ದು ಅನ್ನುವುದು ಮಾತ್ರ ಬರವಣಿಗೆಯಲ್ಲಿ ಇರಲಿ.

ನನ್ನ ಒಲವು ಎರಡನ್ನೂ ಮಾಡುವ ಕಡೆಗೇ, ಆದರೆ ಏಕಕಾಲಕ್ಕೆ ಪೂರ್ತಿ ಆಲ್ಬಂ ಬೇಡ. ಸೀರಿಯಲ್ ನಡೆಯುವಾಗ ಎರಡೋ ಮೂರೋ ಬಿಡಿ ಹಾಡು ಸಾಕು. ಪದವಿ ಮುಗಿಯಲಿ, ಕೈಯಲ್ಲಿ ಸ್ವಲ್ಪ ದುಡ್ಡು ಇರಲಿ, ಆಲ್ಬಂ ಮಾತು ಆಗ. ಸಂಗೀತ ನಿರ್ದೇಶಕರು ಅಷ್ಟು ದಿನ ಕಾಯದೆ ಹೋಗಬಹುದು, ಆ ರಿಸ್ಕ್ ಇದ್ದೇ ಇದೆ.

ಕಾಗದದ ವಿಷಯ ನನ್ನ ಹೊಟ್ಟೆಪಾಡು, ಅದನ್ನು ಬಿಡಲಾರೆ. ಸೀರಿಯಲ್ ಅಗ್ರಿಮೆಂಟ್‌ನಲ್ಲಿ ಅವಧಿ ಮುಗಿಯುವವರೆಗೆ ಬೇರೆ ಯಾವ ಕೆಲಸವನ್ನೂ ಮಾಡುವಂತಿಲ್ಲ ಅನ್ನುವ ಸಾಲು ಇದ್ದೇ ಇರುತ್ತದೆ ಅಂದುಕೊಂಡು ಓದಿ. ಹಾಡುವುದು, ಹಾಡು ಬಿಡುಗಡೆ ಮಾಡುವುದು, ಸ್ಟೇಜ್ ಕಾರ್ಯಕ್ರಮ ಇವಕ್ಕೆ ವಿನಾಯಿತಿ ಅಂತ ಸ್ಪಷ್ಟವಾಗಿ ಬರೆಸಿ. ಮ್ಯಾನೇಜರ್ ಬಾಯಲ್ಲಿ ಅದಕ್ಕೇನು ಮೇಡಂ, ಅಡ್ಜಸ್ಟ್ ಮಾಡೋಣ ಅಂದಿದ್ದು ಲೆಕ್ಕಕ್ಕಿಲ್ಲ. ಆಲ್ಬಂ ಅಗ್ರಿಮೆಂಟ್‌ನಲ್ಲಿ ರೆಕಾರ್ಡಿಂಗ್ ಯಾರ ಸ್ವತ್ತು, ಎಷ್ಟು ವರ್ಷಕ್ಕೆ, ಮುಂದೆ ಅವಳು ಬರೆಯುವ ಹಾಡುಗಳಿಗೂ ಇವರ ಹಕ್ಕು ಚಾಚುತ್ತದಾ ನೋಡಿ. ಖರ್ಚೆಲ್ಲ ನಮ್ಮದೇ ಅಂದವರು ಸಾಮಾನ್ಯವಾಗಿ ಅದನ್ನು ಎಲ್ಲೋ ಒಂದು ಕಡೆ ವಸೂಲಿ ಅಂತ ಬರೆದಿರುತ್ತಾರೆ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದಮೇಲೆ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬಿಟ್ಟುಕೊಡುತ್ತೇನೆ ಅಂತ ಸಹಿ ಹಾಕಿದರೂ ಅದು ನಿಲ್ಲುವುದಿಲ್ಲ. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕಿದೆ. ಮಗಳು ಬರೆಯುತ್ತಾಳೆ ಕೂಡ, ಹಾಗಾಗಿ ಮೊದಲ ಹಾಡು ಬಿಡುಗಡೆಯಾಗುತ್ತಿದ್ದಂತೆ ಐಪಿಆರ್‌ಎಸ್ (ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ವಸೂಲಿ ಮಾಡುವ ಸಂಘ) ಸದಸ್ಯತ್ವಕ್ಕೆ ಅರ್ಜಿ ಹಾಕಲಿ. ಗಾಯಕರಿಗೆ ಇಸಾಮ್ರಾ (ಹಿಂದೆ ಇಸ್ರಾ ಅಂತಿತ್ತು) ಅನ್ನುವ ಸಂಘವೂ ಇದೆ.

ಅವಳಿಗೆ 19 ಆಗಿದೆ, ಸಹಿ ಅವಳದ್ದೇ, ನಿಮ್ಮದಾಗಲಿ ಯಜಮಾನರದ್ದಾಗಲಿ ಅಲ್ಲ. ಹಾಗಾಗಿ ಅಗ್ರಿಮೆಂಟ್‌ನ ಪ್ರತಿ ಪುಟವನ್ನು ಅವಳೇ ಜೋರಾಗಿ ಓದಿ, ಅರ್ಥವಾಗದ ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಲಿ. ತಿಂಗಳಿಗೆ ಎಷ್ಟು ದಿನ ಶೂಟಿಂಗ್, ಪರೀಕ್ಷೆಯ ದಿನಗಳಲ್ಲಿ ಬಿಡುವು ಇದೆಯಾ, ಪಾತ್ರ ಮಧ್ಯದಲ್ಲಿ ತೆಗೆದರೆ ಬಾಕಿ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ ಅನ್ನುವ ಮೂರು ಪ್ರಶ್ನೆಯನ್ನು ನಿರ್ಮಾಪಕರಿಗೆ ಈ ವಾರವೇ ಇಮೇಲ್‌ನಲ್ಲಿ ಕೇಳಿ. ಉತ್ತರ ಫೋನಿನಲ್ಲಿ ಬಂದರೆ, ನೀವು ಹೀಗೆ ಹೇಳಿದಿರಿ ಅಂತ ವಾಪಸ್ ಒಂದು ಇಮೇಲ್ ಹಾಕಿ.